ಹುರಳಿ ಹಾಸಿದ ರಸ್ತೆಯಲ್ಲಿ ನಿಂತ ಕಾರು

ಆ ದಿನ ಅವ್ವ ಉಟ್ಟಿದ್ದು ನೀಲಿ ಸೀರೆ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಆ ನೀಲಿ ಸೀರೆಯನ್ನು ಅವಳು ಕೊಂಡದ್ದು ಮುಂದಿನ ಯುಗಾದಿಗೆ. ಅಂಗಡಿಗೆ ಜೊತೆಗೆ ಹೋದವಳು ನಾನೇ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಇನ್ನೂ ಏನೇನು ತಪ್ಪಿದೆಯೋ ಗೊತ್ತಿಲ್ಲ. ಕಾರಿನ ಎಂಜಿನ್ ಸತ್ತಾಗ ಮೊದಲು ಕೂಗಿದ್ದು ನಾನೋ ಮೆಕ್ಯಾನಿಕ್ಕೋ ಎಂಬುದರ ಬಗ್ಗೆ ನಮ್ಮಿಬ್ಬರಿಗೂ ಇವತ್ತಿಗೂ ಜಗಳವಿದೆ. ಆ ದಿನದ ದಿನಚರಿ ತೆಗೆದು ನೋಡಿದರೆ, ದೊಡ್ಡ ಅಕ್ಷರದಲ್ಲಿ ‘ಸಿಕ್ಕಿತು, ಸಿಕ್ಕಿತು’ ಎಂದಷ್ಟೇ ಇದೆ. ಏನು ಸಿಕ್ಕಿತು ಎಂದು ಬರೆಯುವಷ್ಟು ತಾಳ್ಮೆ ಆಗ ನನಗಿರಲಿಲ್ಲ.

ಅವ್ವ ಯಲಬುರ್ಗಾದ ಈಚೆ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಮನೆ ಕೊಪ್ಪಳದಲ್ಲಿ. ಬಹಳ ವರ್ಷ ಅವಳು ಬಸ್ಸಿನಲ್ಲೇ ಓಡಾಡಿದಳು. ಕುಕನೂರಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಸಂಜೆ ನಿಂತುಕೊಂಡೇ ಮನೆಗೆ ಬರುತ್ತಿದ್ದಳು. ಐವತ್ತು ದಾಟಿದ ಮೇಲೆ ಒಂದು ದಿನ, ಊಟಕ್ಕೆ ಕೂತಾಗ, ಸಾರು ಬಡಿಸುತ್ತ, “ನಾ ಕಾರ್ ಕಲಿತೀನಿ” ಅಂದಳು. ಅಪ್ಪ ನಕ್ಕರು. ಕಾಕಾ ನಗಲಿಲ್ಲ. ಪಕ್ಕದ ಮನೆಯಲ್ಲೇ ಇರುವ ಕಾಕಾ, ಅಂದರೆ ಅಪ್ಪನ ತಮ್ಮ, ತನ್ನ ಹಳೆಯ ಬಿಳಿ ಕಾರಿನಲ್ಲೇ ಅವಳಿಗೆ ಕಲಿಸಿದ. ಆಮೇಲೆ ತಾನು ದೊಡ್ಡ ಗಾಡಿ ತೆಗೆದುಕೊಂಡಾಗ ಆ ಕಾರನ್ನು ಅವಳಿಗೇ ಬಿಟ್ಟ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಮುಂದೆ ಕಾಕಾ ಆಡುವ ಮಾತು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ನನಗೂ ಬಂದಿತ್ತು.

ಕಾರು ಬಂದ ಮೇಲೆ ಅವ್ವ ಬೇರೆಯೇ ಹೆಂಗಸಾದಳು. ಕೀಲಿಕೈಯನ್ನು ದೇವರ ಕೋಣೆಯ ಮೊಳೆಗೆ ನೇತುಹಾಕಿ, ಬೆಳಿಗ್ಗೆ ಅದನ್ನು ತೆಗೆಯುವಾಗ ಅವಳ ಮುಖ ನೋಡಬೇಕಿತ್ತು. ದಾರಿಯಲ್ಲಿ ಸಿಕ್ಕ ಹೆಣ್ಣುಮಕ್ಕಳನ್ನೆಲ್ಲ ಹತ್ತಿಸಿಕೊಳ್ಳುತ್ತಿದ್ದಳು. ಅಪ್ಪನಿಗೆ ಗಾಡಿ ಓಡಿಸಲು ಬರುವುದಿಲ್ಲ. ಭಾನುವಾರ ಅವಳ ಪಕ್ಕದ ಸೀಟಿನಲ್ಲಿ ಪೇಪರ್ ಹಿಡಿದುಕೊಂಡು ಸಂತೆಗೆ ಹೋಗುತ್ತಿದ್ದರು.

ಮೂರನೆಯ ಚಳಿಗಾಲದಲ್ಲಿ ಕಾರು ನಿಲ್ಲತೊಡಗಿತು. ಓಡುತ್ತಿದ್ದ ಹಾಗೇ ಮೀಟರಿನ ದೀಪಗಳೆಲ್ಲ ಒಮ್ಮೆಲೇ ಹತ್ತಿ, ಎಂಜಿನ್ ಸಾಯುತ್ತಿತ್ತು. ಅವ್ವ ಬದಿಗೆ ನಿಲ್ಲಿಸಿ ಕಾದರೆ, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿತ್ತು. ಯಾವಾಗಲೂ ಸಂಜೆ, ಶಾಲೆಯಿಂದ ಬರುವಾಗಲೇ. ಎಲ್ಲಿ ನಿಂತಿತು ಎಂದು ಕೇಳಿದರೆ “ದಾರ್ಯಾಗ” ಅನ್ನುತ್ತಿದ್ದಳು. ದಾರಿ ಎಂದರೆ ನಮಗೆಲ್ಲ ಒಂದೇ ದಾರಿ, ಹಾಗಾಗಿ ಮುಂದೆ ಯಾರೂ ಕೇಳಲಿಲ್ಲ.

ವಿಚಿತ್ರವೆಂದರೆ ಕಾಕಾ ಓಡಿಸಿದರೆ ಅದು ನಿಲ್ಲುತ್ತಿರಲಿಲ್ಲ. ಗಂಗಾವತಿಗೆ ಹೋಗಿಬಂದ, ಕುಷ್ಟಗಿಯ ಮದುವೆಗೆ ಮಂದಿ ತುಂಬಿಕೊಂಡು ಹೋಗಿಬಂದ. ಗಾಡಿ ಒಂದು ಸಲ ಕೆಮ್ಮಲೂ ಇಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚಿ ನೋಡಿ, ತಪ್ಪುಗಳ ಉದ್ದ ಪಟ್ಟಿ ಬಂದದ್ದನ್ನು ಕಂಡು, “ಇಸಿಎಂ ಹೋಗೈತ್ರಿ” ಅಂದ. ಇಸಿಎಂ ಎಂದರೆ ಎಂಜಿನ್ನನ್ನು ಆಳುವ ಕಂಪ್ಯೂಟರ್. ಬ್ಯಾಟರಿಯ ಪಕ್ಕದಲ್ಲಿ ಕೂತಿರುವ, ಊಟದ ಡಬ್ಬಿಯಷ್ಟೇ ದೊಡ್ಡದಾದ ಪೆಟ್ಟಿಗೆ. ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹೊಡೆಯಬೇಕು ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಅದನ್ನು ಹುಬ್ಬಳ್ಳಿಗೆ ಕಳಿಸಬೇಕು, ಅದು ಯಾವಾಗ ಬರುವುದೋ, ಬಂದರೂ ಸರಿಯಾಗುವುದೋ ಇಲ್ಲವೋ ಹೇಳಲಾಗದು ಅಂದ.

ಭಾನುವಾರ ಚಹಾ ಕುಡಿಯುತ್ತ ಕಾಕಾ ತೀರ್ಪು ಕೊಟ್ಟ.

“ವೈನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಂಪ್ಯೂಟರ್ ಹೋಗಿದ್ರ ನನ್ನ ಕೈಯಾಗೂ ನಿಲ್ಲಬೇಕಿತ್ತು. ಅದಕ್ಕೇನು, ಯಾರು ಕುಂತಾರ ಅಂತ ಗೊತ್ತಾಕ್ಕತೇನು? ನೀವು ದಣದಿರ್ತೀರಿ, ಕ್ಲಚ್ ಮ್ಯಾಲೆ ಕಾಲ ಇಟ್ಗೊಂಡಾ ಕುಂದರ್ತೀರಿ.”

“ನಾ ಇಡಂಗಿಲ್ಲ,” ಅವ್ವ ಅಂದಳು.

“ಇಟ್ಟಿದ್ದು ಇಟ್ಟವರಿಗೆ ಗೊತ್ತಾಗಂಗಿಲ್ರಿ. ಲಾರಿ ಹಿಂದ ಇದ್ದಾಗ ನಿಂತ್ರ ಏನ್ ಮಾಡ್ತೀರಿ? ಮುಂದಿನ ಸೋಮವಾರದಿಂದ ಬಸ್ಸಿಗೆ ಹೋಗ್ರಿ. ಕೀಲಿ ನನ್ನ ಕಡೆ ಇರ್ಲಿ.”

ಅಪ್ಪ ಕಾಕಾನ ಕಡೆಗೂ ತಲೆ ಆಡಿಸಿದರು, ಅವ್ವನ ಕಡೆಗೂ ತಲೆ ಆಡಿಸಿದರು. ಅವ್ವ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಂದು ಸಲ ಕಾಕಾನ ಕೈಗೆ ಹೋದ ಕೀಲಿ ಮತ್ತೆ ಆ ಮೊಳೆಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಐವತ್ತೈದರ ಹೆಂಗಸಿಗೆ ಇನ್ನೊಮ್ಮೆ ಧೈರ್ಯ ಕೊಡುವವರು ನಮ್ಮ ಓಣಿಯಲ್ಲಿ ಯಾರಿದ್ದಾರೆ?

“ಶನಿವಾರದ ತನಕ ಟೈಮ್ ಕೊಡು ಕಾಕಾ,” ಅಂದೆ. “ತಪ್ಪು ಗಾಡ್ಯಾಗ ಐತೋ ಅವ್ವನ ಕಾಲಾಗ ಐತೋ, ನಾ ಹುಡಕ್ತೀನಿ.”

“ಹುಡುಕು ಮಗಳ. ಎಂ.ಎಸ್ಸಿ. ಮಾಡಿ ಮನ್ಯಾಗ ಮಿಕ್ಸರ್ ರಿಪೇರಿ ಮಾಡಾಕತ್ತಿದ್ದಿ, ಈಗ ಕಾರಿಗೆ ಬಂತು ಪಾಳಿ.”

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಗಂಗಾವತಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹಲಗೆಯ ಮೇಲೆ ಸರ್ಕಿಟ್ ಬರೆದು ಬರೆದು ಬೇಸತ್ತಿದ್ದವಳಿಗೆ ಆ ವಾರ ಮೈಯಲ್ಲಿ ಜೀವ ಬಂದಂತಾಯಿತು. ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಸ್ನಾನ ಮಾಡುವಾಗ, ಎಲ್ಲ ಕಡೆ ಅದೇ ಪೆಟ್ಟಿಗೆ. ಅವ್ವನ ಕೀಲಿ ಉಳಿಸುವ ಆಸೆ ಅದರಲ್ಲಿ ಎಷ್ಟಿತ್ತು, ಒಗಟು ಬಿಡಿಸುವ ಚಪಲ ಎಷ್ಟಿತ್ತು? ಎಲ್ಲವೂ ಅವ್ವನಿಗಾಗಿ ಎಂದು ಬರೆದರೆ ಚೆಂದ ಕಾಣುತ್ತದೆ. ಹಾಗೆ ಬರೆಯಲು ನನಗೆ ಧೈರ್ಯವಿಲ್ಲ.

ಮರುದಿನವೇ ಗ್ಯಾರೇಜಿಗೆ ಹೋಗಿ ಆ ಪಟ್ಟಿಯನ್ನು ಮತ್ತೆ ನೋಡಿದೆ. ಮೆಕ್ಯಾನಿಕ್ ಅವ್ವನ ಹಳೆಯ ವಿದ್ಯಾರ್ಥಿ. ಅವಳನ್ನು ಈಗಲೂ ‘ಅಕ್ಕೋರ’ ಎಂದೇ ಕರೆಯುತ್ತಾನೆ, ಬಾಯಿ ಮಾತ್ರ ಬಹಳ ಜೋರು. ಕಾರು ನಿಂತ ಕ್ಷಣದ ಲೆಕ್ಕವನ್ನು ಕಂಪ್ಯೂಟರ್ ಇಟ್ಟುಕೊಂಡಿತ್ತು. ಅದರ ಪ್ರಕಾರ ಎಂಜಿನ್ನಿನ ನೀರು ಮೈನಸ್ ಉಷ್ಣಾಂಶದಲ್ಲಿತ್ತು!

“ಕೊಪ್ಪಳದಾಗ ಬರ್ಫ್ ಬಿದ್ದಿತ್ತೇನ್ರಿ ಮೇಡಂ?” ಅವನು ನಕ್ಕ. “ನೋಡ್ರಿ, ಇದಕ್ಕ ಹುಚ್ಚ ಹಿಡದೈತಿ. ನೀರಿನ ಸೆನ್ಸರ್ ತಪ್ಪು, ಗಾಳಿದು ತಪ್ಪು, ಎಕ್ಸಲೇಟರ್‌ದೂ ತಪ್ಪು. ತಲಿ ಕೆಟ್ಟಾಗ ಹಿಂಗ ಆಗೂದು.”

“ಎಲ್ಲಾ ಸೆನ್ಸರ್ ಒಮ್ಮೆಲೇ ಹೆಂಗ ಕೆಡ್ತಾವ?”

“ಅದಕ್ಕ ಹೇಳಾಕತ್ತೀನಲ್ರಿ, ಕೆಟ್ಟಿದ್ದು ಸೆನ್ಸರ್ ಅಲ್ಲ, ತಲಿ ಅಂತ.”

“ಇಲ್ಲಾ, ಅಷ್ಟಕ್ಕೂ ಸೇರಿ ಒಂದಾ ಒಂದು ಏನಾರ ಇದ್ದು, ಅದು ಕೈ ಕೊಟ್ಟಿರಬೇಕು.”

“ಅದು ಯಾವುದ್ರಿ?”

ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಆದರೆ ಅವನ ಕಣ್ಣಿನಲ್ಲೂ ಏನೋ ಮಿಂಚಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಪಕ್ಕಕ್ಕಿಟ್ಟು, “ಅದು ಸಾಯೂ ಹೊತ್ತಿನ್ಯಾಗ ಸ್ಕ್ಯಾನರ್ ಹಚ್ಚಿಕೊಂಡು ಗಾಡ್ಯಾಗ ಕುಂದರಬೇಕ್ರಿ. ಅಕ್ಕೋರನ್ನ ಓಡಿಸಾಕ ಹಚ್ಚಿ,” ಅಂದ. ಇದು ಅವನ ಉಪಾಯವೇ, ನನ್ನದಲ್ಲ. ಬಹಳ ಜನರ ಮುಂದೆ ನನ್ನದು ಎಂದು ಹೇಳಿಕೊಂಡಿದ್ದೇನೆ.

ಶನಿವಾರ ಅವ್ವನದು ಅರ್ಧ ದಿನದ ಶಾಲೆ. ಬೆಳಿಗ್ಗೆ ಮೂವರೂ ಹೊರಟೆವು. ಸ್ಟೀರಿಂಗಿನ ಹಿಂದೆ ಅವ್ವ, ಪಕ್ಕದಲ್ಲಿ ಸ್ಕ್ಯಾನರ್ ಹಿಡಿದ ನಾನು, ಹಿಂದಿನ ಸೀಟಿನಲ್ಲಿ ತನ್ನ ಹತ್ಯಾರದ ಚೀಲದ ಜೊತೆ ಮೆಕ್ಯಾನಿಕ್. ಕುಕನೂರಿನ ತನಕ ನೇರ ರಸ್ತೆ. ಅಂಕಿಗಳೆಲ್ಲ ಶಿಸ್ತಾಗಿದ್ದವು. ನಾನು ಅಂಕಿಯನ್ನು ಬಿಟ್ಟು ಅವ್ವನ ಎಡಗಾಲನ್ನೂ ಕದ್ದು ನೋಡಿದೆ. ಗೇರು ಬದಲಿಸಿದ ಕೂಡಲೇ ಅದು ಕ್ಲಚ್ಚಿನಿಂದ ಇಳಿದು ಪಕ್ಕಕ್ಕೆ ಕೂರುತ್ತಿತ್ತು. ಕುಕನೂರಿನಲ್ಲಿ ಒಗ್ಗರಣಿ ಮಿರ್ಚಿ ತಿಂದೆವು. ಶಾಲೆ ಮುಟ್ಟಿದೆವು. ಏನೂ ಆಗಲಿಲ್ಲ.

ಶಾಲೆ ಬಿಟ್ಟ ಮೇಲೆ ಮೆಕ್ಯಾನಿಕ್ ಆಕಳಿಸುತ್ತ ಹತ್ತಿ ಕೂತ. “ಅಕ್ಕೋರ, ನಮ್ಮನ್ನ ಕಂಡು ಗಾಡಿ ಅಂಜೇತ್ರಿ.”

“ನಿನ್ನ ಸ್ಕ್ಯಾನರ್ ಕಂಡು ಅಂಜಿರಬೇಕು. ಸಾಲ್ಯಾಗ ನೀನೂ ನನ್ನ ಬೆತ್ತ ಕಂಡ ಕೂಡಲೆ ಸುಮ್ಮನಾಗ್ತಿದ್ದಿ,” ಅವ್ವ ಅಂದಳು.

ಕುಕನೂರು ದಾಟಿ ರಸ್ತೆ ಕವಲಾಗುವಲ್ಲಿ ನಾನು, “ಅವ್ವ, ದಿನಾ ಸಂಜಿಗೆ ಹೆಂಗ ಬರ್ತಿ ಹಂಗಾ ನಡಿ. ಒಂಚೂರೂ ಬದಲ ಮಾಡಬ್ಯಾಡ,” ಅಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಅವಳು ಇಂಡಿಕೇಟರ್ ಹಾಕಿ ಇಟಗಿಯ ಕಡೆಗೆ ತಿರುಗಿಸಿದಳು.

“ಇದು ಸುತ್ತಿನ ದಾರಿ ಅಲ್ರಿ ಅಕ್ಕೋರ?”

“ಈ ಕಡಿ ಲಾರಿ ಕಡಿಮಿ.”

ಆ ಕಡೆಯೇ ಅವ್ವನ ತವರೂರು. ಅಜ್ಜಿ ತೀರಿಕೊಂಡಂದಿನಿಂದ ಅವ್ವನಿಗೂ ಅವಳ ಅಣ್ಣನಿಗೂ, ಅಂದರೆ ನನ್ನ ಮಾವನಿಗೂ, ಮಾತಿಲ್ಲ. ಯಾಕೆ ಎಂಬುದಕ್ಕೆ ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ ಕಾರಣಗಳು ಒಂದಕ್ಕೊಂದು ಕೂಡುವುದಿಲ್ಲ. ಅವರು ಕರೆಯುವುದಿಲ್ಲ, ನಾವು ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಆ ಊರಿನ ಹೆಸರನ್ನೂ ಎತ್ತುವುದಿಲ್ಲ.

ಸ್ವಲ್ಪ ದೂರ ಹೋದ ಮೇಲೆ ರಸ್ತೆಯ ಉದ್ದಕ್ಕೂ ಹುರಳಿ ಹಾಸಿದ್ದರು. ನಮ್ಮ ಕಡೆ ಇದು ಹೊಸದೇನಲ್ಲ. ಕಿತ್ತ ಹುರಳಿಯ ಬಳ್ಳಿಯನ್ನು ಡಾಂಬರಿನ ಮೇಲೆ ಹರಡಿಬಿಟ್ಟರೆ, ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ, ಸಂಜೆ ತೂರಿಕೊಂಡು ಹೋಗುವುದು. ಕಾರಿನವರು ಬೈದುಕೊಂಡು ಅಂಚಿಗೆ ಇಳಿಸಿ ದಾಟುತ್ತಾರೆ. ಬಳ್ಳಿ ಅಡಿಗೆ ಸಿಕ್ಕಿ ಸುತ್ತಿಕೊಂಡರೆ ಕಷ್ಟ. ಕಾಕಾ ಅಂತೂ ಹುರಳಿ ದೂರದಿಂದ ಕಂಡರೆ ಸಾಕು, ಮಣ್ಣಿಗಿಳಿಸುತ್ತಾನೆ.

ಅವ್ವ ಇಳಿಸಲಿಲ್ಲ. ಎರಡನೇ ಗೇರಿಗೆ ಹಾಕಿ, ನಟ್ಟನಡುವೆ ಹೋದಳು. ಗಾಡಿಯಡಿ ಚರಚರ ಸದ್ದು. ಕೊನೆ ಮುಟ್ಟಿದ ಮೇಲೆ ಗಾಡಿ ತಿರುಗಿಸಿ, ಹುರಳಿಯ ಮೇಲೆಯೇ ವಾಪಸ್ ಬಂದಳು. ಆಮೇಲೆ ಮತ್ತೆ ತಿರುಗಿಸಿದಳು.

“ಅಕ್ಕೋರ, ಏನ್ ರಾಶಿ ಮಾಡಾಕ ಬಂದೀವೇನ್ರಿ?”

“ಸುಮ್ಮ ಕುಂದರು. ದಿನಾ ಮಾಡ್ದಂಗ ಮಾಡು ಅಂದಾಳಲ್ಲ ಇಕಿ.”

ಮೂರನೆಯ ಸಲ ನಡುಮಧ್ಯಕ್ಕೆ ಬಂದಾಗ ನನ್ನ ಕೈಯಲ್ಲಿದ್ದ ಸ್ಕ್ಯಾನರಿನಲ್ಲಿ ನೀರಿನ ಉಷ್ಣಾಂಶ ಕುಣಿಯತೊಡಗಿತು. ತೊಂಬತ್ತರಿಂದ ಇಪ್ಪತ್ತಕ್ಕೆ ಇಳಿಯಿತು, ಮತ್ತೆ ಏರಿತು, ಆಮೇಲೆ ಸೊನ್ನೆಯ ಕೆಳಕ್ಕೆ ಹೋಯಿತು. ಅದರ ಜೊತೆಗೇ ಉಳಿದ ಅಂಕಿಗಳೆಲ್ಲ ದಿಕ್ಕಾಪಾಲಾದವು. ದೀಪಗಳೆಲ್ಲ ಹತ್ತಿದವು. ಎಂಜಿನ್ ಸತ್ತಿತು.

“ಸತ್ತಿತು!” ಎಂದು ಕೂಗಿದವಳು ನಾನೇ ಎಂದು ಈಗಲೂ ಹೇಳುತ್ತೇನೆ. ಮೆಕ್ಯಾನಿಕ್ ಹಿಂದಿನಿಂದ ನನ್ನ ಸೀಟಿಗೆ ಗುದ್ದಿ, “ಸತ್ತಿತ್ರೀ ಮೇಡಂ, ಸತ್ತಿತು!” ಎಂದು ಕುಣಿದ. ಮೊರ ಹಿಡಿದು ರಸ್ತೆಯ ಬದಿಗೆ ನಿಂತಿದ್ದ ಹೆಂಗಸರು ನಮ್ಮನ್ನು ಬಾಯಿ ಬಿಟ್ಟು ನೋಡಿದರು. ಕೆಟ್ಟು ನಿಂತ ಗಾಡಿಯಲ್ಲಿ ಕೂತು ಹಬ್ಬ ಮಾಡುವವರನ್ನು ಅವರು ಎಲ್ಲಿ ಕಂಡಿರಬೇಕು?

ನಾನು ಕರೆಂಟು ಅಳೆಯುವ ನನ್ನ ಮಲ್ಟಿಮೀಟರ್ ತೆಗೆದುಕೊಂಡು ಇಳಿದು ಬಾನೆಟ್ ಎತ್ತಿದೆ. ಎಲ್ಲ ಸೆನ್ಸರಿಗೂ, ಆ ಪೆಟ್ಟಿಗೆಗೂ ಸೇರಿ ಇರುವುದು ಒಂದೇ ಒಂದು ಎಂದು ವಾರವಿಡೀ ಹೇಳಿಕೊಂಡಿದ್ದೆನಲ್ಲ, ಅದು ಯಾವುದು ಎಂದು ಅಲ್ಲಿ ನಿಂತಾಗ ಹೊಳೆಯಿತು. ಕರೆಂಟು ಹೋಗುವ ತಂತಿಗಳು ಬೇರೆ ಬೇರೆ. ಆದರೆ ಅದು ಎಂಜಿನ್ನಿನಿಂದ ಬ್ಯಾಟರಿಗೆ ಮರಳಿ ಬರುವ ಹಾದಿ ಒಂದೇ. ಮೀಟರಿನ ಒಂದು ತಂತಿಯ ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಒತ್ತಿ ಹಿಡಿದೆ. ಹಾದಿ ನೆಟ್ಟಗಿದ್ದರೆ ಅಂಕಿ ಸೊನ್ನೆಯ ಹತ್ತಿರವೇ ನಿಲ್ಲಬೇಕು.

“ಅವ್ವ, ಸೆಲ್ಫ್ ಹೊಡಿ!”

ಸೆಲ್ಫ್ ‘ಟಕ್’ ಎಂದಿತು, ತಿರುಗಲಿಲ್ಲ. ಮೀಟರಿನ ಅಂಕಿ ಮಾತ್ರ ಹಾರಿ ಏರಿತು.

“ಅರ್ಥಿಂಗ್!” ಮೆಕ್ಯಾನಿಕ್ ಕಿರುಚಿದ. ಅವನು ಚೀಲದಿಂದ ಬ್ಯಾಟರಿ ಕೇಬಲ್ ಎಳೆದು, ಒಂದು ತುದಿಯನ್ನು ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿಗೆ ಕಚ್ಚಿಸಿದ. “ಅಕ್ಕೋರ, ಈಗ ಹೊಡೀರಿ.”

ಒಂದೇ ಸಲಕ್ಕೆ ಶುರುವಾಯಿತು. ಸ್ಕ್ಯಾನರಿನ ಅಂಕಿಗಳು ಸಾಲಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಕೆಟ್ಟಿದೆ ಎಂದು ಎಲ್ಲರೂ ಹೇಳಿದ್ದ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಕಾಲಡಿಯ ನೆಲ ಅಲುಗಾಡುತ್ತಿದ್ದುದರಿಂದ ಅದಕ್ಕೆ ಎಲ್ಲವೂ ತಪ್ಪಾಗಿ ಕಾಣುತ್ತಿತ್ತು, ಅಷ್ಟೆ. ನಾನು ಅವ್ವನನ್ನು ತಬ್ಬಿಕೊಂಡೆ ಎಂದು ನೆನಪು. ಅವಳು ಸ್ಟೀರಿಂಗ್ ಬಿಡಲೇ ಇಲ್ಲ ಎಂದೂ ನೆನಪು. ಎರಡೂ ಹೇಗೆ ಸಾಧ್ಯವೋ!

ಎಂಜಿನ್ ಆರಿಸಿ, ಮೆಕ್ಯಾನಿಕ್ ಗೋಣಿಚೀಲ ಹಾಸಿ ಕೆಳಗೆ ನುಸುಳಿದ. ಅವನ ನಗು ಮೊದಲು ಬಂತು, ಆಮೇಲೆ ಕೈ. ಕೈಯಲ್ಲಿ ಹುರಳಿ ಬಳ್ಳಿಯ ದಪ್ಪ ಸಿಂಬಿ.

“ಅಕ್ಕೋರ, ಗಾಡಿಯಡಿ ಒಂದ್ ಎಕರೆ ಹೊಲ ಮಾಡೀರಲ್ರಿ!”

ಎಂಜಿನ್ನಿನಿಂದ ಗಾಡಿಯ ಮೈಗೆ ಬರುವ ಅರ್ಥಿಂಗ್ ವೈರು ಕೆಳಗೇ ಇತ್ತು. ತಿರುಗುವ ಆ್ಯಕ್ಸಲ್ಲಿಗೆ ಸುತ್ತಿಕೊಂಡ ಬಳ್ಳಿ ಪ್ರತಿ ಸುತ್ತಿಗೂ ಅದನ್ನು ಬಡಿದು ಜಗ್ಗುತ್ತಿತ್ತು. ಜಗ್ಗಿ ಜಗ್ಗಿ ಒಳಗಿನ ಎಳೆಗಳೆಲ್ಲ ಹರಿದು, ಒಂದೆರಡಷ್ಟೇ ಉಳಿದಿದ್ದವು. ಬಳ್ಳಿ ಜಗ್ಗಿದಾಗ ಹರಿದ ತುದಿಗಳು ದೂರವಾಗುತ್ತಿದ್ದವು. ಗಾಡಿ ನಿಂತು ಸ್ವಲ್ಪ ಹೊತ್ತಿಗೆ ಬಳ್ಳಿ ಸಡಿಲಾದರೆ ಮತ್ತೆ ಒಂದನ್ನೊಂದು ಮುಟ್ಟುತ್ತಿದ್ದವು. ಹುರಳಿಯ ಮೇಲೆ ಕಾಲಿಡದ ಕಾಕಾನಿಗೆ ಗಾಡಿ ನಿಂತೀತಾದರೂ ಹೇಗೆ?

“ಎಂಜಿನ್ ಅಡಿಗೆ ಪ್ಲಾಸ್ಟಿಕ್ ಮುಚ್ಚಳ ಇರಬೇಕಲ್ಲ, ಅದೆಲ್ಲಿ?” ಕೇಳಿದೆ.

ಮೆಕ್ಯಾನಿಕ್ ಮೈಮೇಲಿನ ಹೊಟ್ಟು ಕೊಡವುತ್ತ ಆಕಾಶ ನೋಡಿದ. “ಅದು ಗಡಗಡ ಅಂತೈತಿ, ತಗದ್ಹಾಕು ಅಂದಿದ್ರಿ ನಿಮ್ಮ ಕಾಕಾರು. ನಾನಾ ತಗದಿದ್ದೆ.”

ಇಷ್ಟರಲ್ಲಿ ಮೊರ ಹಿಡಿದಿದ್ದ ಒಬ್ಬ ಹೆಂಗಸು ತಂಬಿಗೆಯಲ್ಲಿ ನೀರು ತಂದಳು. ಮೊದಲು ಅವ್ವನಿಗೇ ಕೊಟ್ಟಳು. “ಅಯ್ಯ, ಇವತ್ತ ಜಲ್ದಿ ಬಂದ್ರೆಲ್ರಿ. ನೀವು ಬಂದ್ರ ನಮಗ ಟ್ರ್ಯಾಕ್ಟರ್ ತರೂದು ಉಳೀತೈತಿ ನೋಡ್ರಿ,” ಎಂದು ನಕ್ಕಳು. ಅವ್ವ ನೀರು ಕುಡಿದು ತಂಬಿಗೆ ಮರಳಿಸಿದಳು. ಅವಳ ಕಣ್ಣು ಆ ಹೆಂಗಸಿನ ಮೇಲಿರಲಿಲ್ಲ. ಹೊಲದ ಬದುವಿನ ಮೇಲೆ ಒಂದು ಬೇವಿನ ಗಿಡವಿತ್ತು. ಅದರ ಕೆಳಗೆ ರುಮಾಲು ಸುತ್ತಿದ ವಯಸ್ಸಾದ ಗಂಡಸೊಬ್ಬರು ನಮಗೆ ಬೆನ್ನು ಮಾಡಿ ನಿಂತಿದ್ದರು. ಕೈಯಲ್ಲಿ ತೂರುವ ಬುಟ್ಟಿ. ನಾವು ಅಷ್ಟೆಲ್ಲ ಕಿರುಚಿ ಕುಣಿದರೂ ಅವರು ತಿರುಗಿ ನೋಡಲಿಲ್ಲ. ಗಾಳಿ ಇದ್ದರೂ ತೂರಲೂ ಇಲ್ಲ.

ನಾನು ಅಲ್ಲಿಂದಲೇ ಕಾಕಾನಿಗೆ ಫೋನ್ ಮಾಡಿದೆ. ಉಸಿರು ಬಿಡದೆ ಎಲ್ಲ ಹೇಳಿದೆ. ವೈರು, ಬಳ್ಳಿ, ಮುಚ್ಚಳ. ಮುಚ್ಚಳದ ಮಾತನ್ನು ಎರಡು ಸಲ ಹೇಳಿದೆ.

ಕಾಕಾ ಮುಚ್ಚಳದ ಮಾತನ್ನು ಎತ್ತಲೇ ಇಲ್ಲ. “ಆತು ಬಿಡು. ಕೀಲಿ ವೈನಿ ಕಡೀನಾ ಇರ್ಲಿ. ಅವರ ಕಾಲಿಗೆ ಬೈದಿದ್ದು ತಪ್ಪಾತು ಅಂತ ಹೇಳು.” ಆಮೇಲೆ, “ಅಲ್ಲ ಮಗಳ, ಎಲ್ಲಾರೂ ಅಂಚಿಗೆ ತಗೊಂತಾರ. ಹುರಳಿ ಮ್ಯಾಲೆ ಯಾಕ ಹೋಗ್ಬೇಕಿತ್ತು?” ಅಂದ.

ಗೆದ್ದ ಖುಷಿಯಲ್ಲಿ ನನಗೆ ಆ ಪ್ರಶ್ನೆ ಕೇಳಿಸಿತೇ ಹೊರತು ಒಳಗೆ ಇಳಿಯಲಿಲ್ಲ. ಮೆಕ್ಯಾನಿಕ್ ಹರಿದ ವೈರನ್ನು ಬಿಗಿದು, ಕೇಬಲನ್ನು ಹಾಗೇ ಬಿಟ್ಟು, ಬಾನೆಟ್ ಹಾಕಿದ. ಸೋಮವಾರದೊಳಗೆ ದಪ್ಪನೆಯ ಹೊಸ ವೈರು ಮೇಲಿನಿಂದ ಎಳೆದು, ಅಡಿಗೆ ಮುಚ್ಚಳವನ್ನೂ ಕೂರಿಸಿಕೊಡುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟ, ಹಾಗೇ ಮಾಡಿದ. ದಾರಿಯುದ್ದಕ್ಕೂ ತನ್ನ ಶೌರ್ಯವನ್ನು ತಾನೇ ಹಾಡಿಕೊಂಡ. ಕೊಪ್ಪಳದ ಹತ್ತಿರ ಅವನು ನಿದ್ದೆ ಹೋದ ಮೇಲೆ ಕಾರಿನೊಳಗೆ ಎಂಜಿನ್ನಿನ ಸದ್ದು ಮಾತ್ರ ಉಳಿಯಿತು. ಆಗ ಕಾಕಾನ ಮಾತು ಮತ್ತೆ ಕಿವಿಗೆ ಬಂತು.

ನಾನು ಮಾವನನ್ನು ಕೊನೆಗೆ ಕಂಡದ್ದು ಲಂಗ ಹಾಕುವ ವಯಸ್ಸಿನಲ್ಲಿ. ಬೆನ್ನು ನೋಡಿ ಗುರುತು ಹಿಡಿಯುವಷ್ಟು ನನ್ನ ನೆನಪನ್ನು ನಾನು ನಂಬುವುದಿಲ್ಲ. ಆ ಹೊಲವೂ ಯಾರದ್ದಾದರೂ ಆಗಿರಬಹುದು. ಹುರಳಿ ಕಂಡರೆ ತುಳಿಸಿಕೊಟ್ಟು ಹೋಗುವುದು ಒಕ್ಕಲು ಮನೆಯಲ್ಲಿ ಹುಟ್ಟಿದವಳ ಅಭ್ಯಾಸವೂ ಆಗಿರಬಹುದು. ಆದರೂ ದಿನಾ ಸುತ್ತಿನ ದಾರಿ, ದಿನಾ ಮೂರು ಸಲ?

ಕೇಳಿಬಿಟ್ಟೆ. ಅವ್ವ ಗೇರು ಬದಲಿಸಿದಳು, ಕಾಲನ್ನು ಕ್ಲಚ್ಚಿನಿಂದ ಇಳಿಸಿ ಪಕ್ಕಕ್ಕಿಟ್ಟಳು, ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದಳು. ಅದಾದ ಮೇಲೂ ಚಳಿಗಾಲ ಬಂದಿದೆ, ಕೀಲಿ ಅದೇ ಮೊಳೆಗಿದೆ, ಸಂಜೆ ಅವಳ ಸೀರೆಯ ಅಂಚಿಗೆ ಹುರಳಿಯ ಹೊಟ್ಟು ಅಂಟಿರುತ್ತದೆ. ಅದನ್ನು ಕಂಡಾಗೆಲ್ಲ ಮತ್ತೆ ಅದನ್ನೇ ಕೇಳುತ್ತೇನೆ:

“ಅವ್ವ, ಬೇವಿನ ಗಿಡದ ಬುಡಕ ನಿಂತಿದ್ದವರು ಮಾವ ಅಲ್ಲೇನು?”